ಮನೆಯವರೇ ದಾನಿಯಾದಾಗ: ರಕ್ತದ ಕ್ಯಾನ್ಸರ್‌ಗೆ ಸ್ಟೆಮ್ ಸೆಲ್ ಕಸಿ, ಹಂತ ಹಂತವಾಗಿ

ಬ್ಲಡ್ ಗ್ರೂಪ್ ಬೇರೆ ಇದ್ದರೂ ಸ್ಟೆಮ್ ಸೆಲ್ ಕೊಡಬಹುದಾ? ಬೆನ್ನುಹುರಿಗೆ ಸೂಜಿ ಹಾಕುತ್ತಾರಾ? ಕೊಟ್ಟವರಿಗೆ ಮುಂದೆ ಮಕ್ಕಳಾಗಲು ತೊಂದರೆಯಾ? ರಕ್ತದ ಕ್ಯಾನ್ಸರ್ ಇರುವವರ ಮನೆಯವರು ಬರೆದಾಗಲೆಲ್ಲ ಈ ಮೂರು ಪ್ರಶ್ನೆ ಇದ್ದೇ ಇರುತ್ತವೆ. ಮೊದಲು ಉತ್ತರ ಹೇಳಿಬಿಡುತ್ತೇನೆ. ಗ್ರೂಪ್ ಬೇರೆ ಇದ್ದರೂ ಕೊಡಬಹುದು. ಬೆನ್ನುಹುರಿಯನ್ನು ಯಾರೂ ಮುಟ್ಟುವುದಿಲ್ಲ. ಮಕ್ಕಳಾಗಲು ತೊಂದರೆ ಇಲ್ಲ.

ದಾನಿ ಸಿಕ್ಕರೆ ಅರ್ಧ ಗೆದ್ದಂತೆ ಅಂತ ಮನೆಯವರು ಅಂದುಕೊಳ್ಳುತ್ತಾರೆ. ಈಗ ಅರ್ಧ ಹೊಂದುವ ದಾನಿಯಿಂದ ಮಾಡುವ ಹಾಫ್ ಮ್ಯಾಚ್ ಕಸಿಯೂ ಆಗುವುದರಿಂದ ದಾನಿ ಹೆಚ್ಚಿನ ಮನೆಗಳಲ್ಲಿ ಸಿಕ್ಕೇ ಸಿಗುತ್ತಾರೆ. ಮನೆಗಳು ಎಡವುವುದು ಅದಕ್ಕಿಂತ ಮುಂಚಿನ ಸಣ್ಣಪುಟ್ಟ ಕೆಲಸಗಳಲ್ಲಿ, ಇಲ್ಲಾ ಕಸಿಯಾದ ನಂತರದ ನೂರು ದಿನಗಳಲ್ಲಿ. ಹಾಗಾಗಿ ಆ ಎರಡನ್ನೂ ಇಲ್ಲಿ ಸ್ವಲ್ಪ ಜಾಸ್ತಿ ಎಳೆದು ಬರೆದಿದ್ದೇನೆ. ನಿಮ್ಮ ರೋಗಿಗೆ ಯಾವ ಔಷಧ, ಯಾವ ದಾನಿ ಅನ್ನುವ ತೀರ್ಮಾನ ಮಾತ್ರ ಅವರನ್ನು ನೋಡುತ್ತಿರುವ ರಕ್ತರೋಗ ತಜ್ಞರದ್ದೇ.

ಸ್ಟೆಮ್ ಸೆಲ್ ಅಂದರೆ ಮೂಳೆಯೊಳಗಿನ ಮಜ್ಜೆಯಲ್ಲಿರುವ ಮೂಲ ಕೋಶ. ಕೆಂಪು ರಕ್ತಕಣ, ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಎಲ್ಲವೂ ಅದರಿಂದಲೇ ಹುಟ್ಟುತ್ತವೆ. ರೋಗಿಯ ಕೆಟ್ಟ ಮಜ್ಜೆಯ ಜಾಗಕ್ಕೆ ಒಳ್ಳೆಯ ಸ್ಟೆಮ್ ಸೆಲ್ ಕೊಡುವುದೇ ಕಸಿ. ಆಸ್ಪತ್ರೆಗಳಲ್ಲಿ ಈ ಕಸಿಯನ್ನು ಬಿಎಂಟಿ (ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್) ಅಂತಲೇ ಕರೆಯುತ್ತಾರೆ. ನಮ್ಮ ದೇಶದಲ್ಲಿ ಇದು ಶುರುವಾದದ್ದು 1983ರಲ್ಲಿ, ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ. 1986ರಲ್ಲಿ ವೆಲ್ಲೂರಿನ ಸಿಎಂಸಿಯಲ್ಲಿ ಶುರುವಾಯಿತು. ಈಗ ಬೆಂಗಳೂರಿನ ಹಲವು ಆಸ್ಪತ್ರೆಗಳಲ್ಲಿ ನಡೆಯುತ್ತದೆ.

1. ಇವತ್ತಿನಿಂದಲೇ: ಮನೆಯವರ ರಕ್ತ ರೋಗಿಗೆ ಬೇಡ

ಮಗನಿಗೆ ಪ್ಲೇಟ್‌ಲೆಟ್ ಬೇಕು ಅಂದ ಕೂಡಲೇ ಅಪ್ಪ, ಅಣ್ಣ, ಚಿಕ್ಕಪ್ಪ ಎಲ್ಲರೂ ತೋಳು ಚಾಚಿಕೊಂಡು ನಿಲ್ಲುತ್ತಾರೆ. ಒಳ್ಳೆಯ ಮನಸ್ಸೇ, ಆದರೆ ಇಲ್ಲಿ ಅದು ಕೆಡುಕು ಮಾಡಬಹುದು. ಮುಂದೆ ಯಾರ ಸ್ಟೆಮ್ ಸೆಲ್ ಬೇಕಾಗುತ್ತದೋ ಅವರದೇ ರಕ್ತ ಮೊದಲು ಒಳಗೆ ಹೋದರೆ, ರೋಗಿಯ ದೇಹ ಅದರ ವಿರುದ್ಧ ಪ್ರತಿಕಾಯ ಕಟ್ಟಿಕೊಳ್ಳಬಹುದು. ಪ್ರತಿಕಾಯ ಅಂದರೆ ಹೊರಗಿನದು ಅಂತ ಗುರುತಿಸಿ ಹೊಡೆಯುವ ವಸ್ತು. ಆಮೇಲೆ ಅದೇ ದಾನಿಯ ಕಸಿ ಹಿಡಿಯದೇ ಹೋಗಬಹುದು. ಹತ್ತಿರದ ಸಂಬಂಧಿಗಳ ರಕ್ತದಿಂದ ಇನ್ನೊಂದು ಅಪಾಯವೂ ಇದೆ. ಅದರಲ್ಲಿರುವ ಬಿಳಿ ಕಣಗಳು ರೋಗಿಯ ದೇಹದ ಮೇಲೆಯೇ ತಿರುಗಿ ಬೀಳಬಹುದು. ಅಪರೂಪ, ಆದರೆ ಬಂದರೆ ಪ್ರಾಣಕ್ಕೇ ಕುತ್ತು.

ಬ್ಲಡ್ ಬ್ಯಾಂಕ್‌ನವರು ಬದಲಿ ರಕ್ತ ಕೊಡಿ ಅಂದರೆ ಮನೆಯವರು ಧಾರಾಳವಾಗಿ ಕೊಡಬಹುದು. ಆ ಚೀಲ ನಿಮ್ಮ ರೋಗಿಗೆ ಹೋಗಬಾರದು, ಅಷ್ಟೇ. 'ಇವರಿಗೆ ಬಿಎಂಟಿ ಆಗಬಹುದು' ಅಂತ ಫೈಲಿನ ಮೊದಲ ಪುಟದಲ್ಲಿ ಬರೆಸಿ. ಬಿಳಿ ಕಣ ಸೋಸಿದ, ರೇಡಿಯೇಷನ್ ಕೊಟ್ಟ ರಕ್ತವೇ ಬೇಕಾ ಅಂತ ಡಾಕ್ಟರನ್ನು ಕೇಳಿ. ತಾಲ್ಲೂಕು ಮಟ್ಟದ ಆಸ್ಪತ್ರೆಯಲ್ಲಿ ಇದನ್ನು ನೀವೇ ಬಾಯಿಬಿಟ್ಟು ಕೇಳಬೇಕಾಗಬಹುದು.

2. ಕಸಿ ನಿಜಕ್ಕೂ ಬೇಕಾ, ಯಾವಾಗ ಬೇಕು

ರಕ್ತದ ಕ್ಯಾನ್ಸರ್ ಅಂದರೆ ಒಂದೇ ಕಾಯಿಲೆ ಅಲ್ಲ. ಸಿಎಂಎಲ್ ಅನ್ನುವ ನಿಧಾನದ ಲ್ಯುಕೇಮಿಯಾಗೆ (ಬಿಳಿ ಕಣಗಳ ಕ್ಯಾನ್ಸರ್) ಇಮಾಟಿನಿಬ್ ಥರದ ಮಾತ್ರೆ ಸಾಕಾಗುತ್ತದೆ. ಮಾತ್ರೆಗಳು ಕೈಕೊಟ್ಟರೆ ಮಾತ್ರ ಕಸಿಯ ಮಾತು. ಮಜ್ಜೆಯ ಇನ್ನೊಂದು ಕ್ಯಾನ್ಸರ್ ಆದ ಮಲ್ಟಿಪಲ್ ಮೈಲೋಮಾಗೆ ಸಾಮಾನ್ಯವಾಗಿ ರೋಗಿಯದೇ ಸ್ಟೆಮ್ ಸೆಲ್ ತೆಗೆದಿಟ್ಟು ವಾಪಸ್ ಕೊಡುತ್ತಾರೆ, ದಾನಿ ಬೇಕಿಲ್ಲ. ಎಪಿಎಲ್ ಅನ್ನುವ ಒಂದು ಬಗೆಯ ಲ್ಯುಕೇಮಿಯಾ ಅಂತೂ ಹೆಚ್ಚಾಗಿ ಔಷಧದಲ್ಲೇ ಗುಣವಾಗುತ್ತದೆ. ಮನೆಯ ದಾನಿ ಬೇಕಾಗುವುದು ಮುಖ್ಯವಾಗಿ ಮರುಕಳಿಸುವ ಭಯ ಜಾಸ್ತಿ ಇರುವ, ಬೇಗ ಬೆಳೆಯುವ ಲ್ಯುಕೇಮಿಯಾಗಳಾದ ಎಎಂಎಲ್, ಎಎಲ್‌ಎಲ್ ಮತ್ತು ಮಜ್ಜೆ ಸರಿಯಾಗಿ ರಕ್ತಕಣ ಮಾಡದ ಎಂಡಿಎಸ್‌ಗೆ.

ಡಾಕ್ಟರನ್ನು ಹೀಗೆ ಕೇಳಿ: ಈಗ ಕಾಯಿಲೆ ರೆಮಿಷನ್‌ನಲ್ಲಿದೆಯಾ? ಅಂದರೆ ಕೀಮೋದಿಂದ ಕ್ಯಾನ್ಸರ್ ಕಣಗಳು ಕಾಣದಷ್ಟು ಕಡಿಮೆಯಾಗಿವೆಯಾ? ಎಂಆರ್‌ಡಿ ಎಷ್ಟಿದೆ? ಅಂದರೆ ಸೂಕ್ಷ್ಮ ಪರೀಕ್ಷೆಯಲ್ಲಿ ಉಳಿಕೆ ಕಣ ಸಿಗುತ್ತಿದೆಯಾ? ಕಸಿಗೆ ಒಳ್ಳೆಯ ಸಮಯ ಎಷ್ಟು ದಿನ ಇರುತ್ತದೆ? ಕೊನೆಯ ಪ್ರಶ್ನೆ ಮುಖ್ಯ. ಕೀಮೋ ಫಲ ಕೊಟ್ಟು ರೋಗಿ ಓಡಾಡಿಕೊಂಡಿರುವಾಗ ಮನೆಯವರು 'ಚೆನ್ನಾಗೇ ಇದ್ದಾನಲ್ಲ, ಹಬ್ಬ ಕಳೀಲಿ' ಅಂತ ಮುಂದೂಡುತ್ತಾರೆ. ಕಸಿಗೆ ಹದವಾದ ಹೊತ್ತು ಅದೇ. ಕಾಯಿಲೆ ಮತ್ತೆ ತಲೆ ಎತ್ತಿದ ಮೇಲೆ ಮಾಡುವ ಕಸಿಯಲ್ಲಿ ಗುಣವಾಗುವ ಸಾಧ್ಯತೆ ಇಳಿಯುತ್ತದೆ.

3. ಎಚ್‌ಎಲ್‌ಎ ಪರೀಕ್ಷೆ: ಯಾರ್ಯಾರಿಗೆ ಮಾಡಿಸಬೇಕು

ಎಚ್‌ಎಲ್‌ಎ ಅಂದರೆ ನಮ್ಮ ಕೋಶಗಳ ಮೇಲಿರುವ ಗುರುತು. 'ಇದು ನನ್ನದು, ಇದು ಹೊರಗಿನದು' ಅಂತ ದೇಹ ತೀರ್ಮಾನಿಸುವುದು ಇದನ್ನು ನೋಡಿ. ಇದಕ್ಕೂ ಬ್ಲಡ್ ಗ್ರೂಪ್‌ಗೂ ಸಂಬಂಧ ಇಲ್ಲ. ಅಪ್ಪನಿಂದ ಒಂದು ಕಟ್ಟು, ಅಮ್ಮನಿಂದ ಒಂದು ಕಟ್ಟು ಬಂದಿರುತ್ತದೆ. ಸಾಮಾನ್ಯವಾಗಿ ಹತ್ತು ಗುರುತು ಹೋಲಿಸಿ ನೋಡುತ್ತಾರೆ. ರಿಪೋರ್ಟಿನಲ್ಲಿ 10/10 ಅಂದರೆ ಫುಲ್ ಮ್ಯಾಚ್. ಒಂದು ಕಟ್ಟು ಮಾತ್ರ ಹೊಂದಿದರೆ ಹಾಫ್ ಮ್ಯಾಚ್, ಡಾಕ್ಟರ ಭಾಷೆಯಲ್ಲಿ ಹ್ಯಾಪ್ಲೋ.

ಒಡಹುಟ್ಟಿದ ಒಬ್ಬರು ಫುಲ್ ಮ್ಯಾಚ್ ಆಗುವ ಸಾಧ್ಯತೆ ನೂರಕ್ಕೆ 25. ಹಾಫ್ ಮ್ಯಾಚ್ ಆಗುವುದು 50. ಒಂದೂ ಹೊಂದದಿರುವುದು 25. ಇಬ್ಬರು ಒಡಹುಟ್ಟಿದವರಿದ್ದರೆ ಒಬ್ಬರಾದರೂ ಫುಲ್ ಮ್ಯಾಚ್ ಆಗುವ ಸಾಧ್ಯತೆ ಸುಮಾರು 44ಕ್ಕೆ ಏರುತ್ತದೆ, ಮೂವರಿದ್ದರೆ 58ಕ್ಕೆ. ಅಪ್ಪ, ಅಮ್ಮ, ಹೊಟ್ಟೆಯ ಮಕ್ಕಳು ಹಾಫ್ ಮ್ಯಾಚ್ ಅಂತೂ ಆಗಿಯೇ ಇರುತ್ತಾರೆ.

ನಮ್ಮ ಕಡೆಯವರು ಡಾಕ್ಟರಿಗೆ ಹೇಳಲೇಬೇಕಾದ ವಿಷಯ ಒಂದಿದೆ. ಸೋದರಮಾವ, ಅತ್ತೆ ಮಗ ಅಂತ ಸಂಬಂಧದಲ್ಲೇ ಮದುವೆಯಾಗುವ ರೂಢಿ ಕರ್ನಾಟಕದಲ್ಲಿ ಇದೆ. ಅಂಥ ಮನೆಗಳಲ್ಲಿ ಅಪ್ಪನೋ ಅಮ್ಮನೋ, ಕೆಲವೊಮ್ಮೆ ಚಿಕ್ಕಪ್ಪ, ಸೋದರತ್ತೆಯ ಮಕ್ಕಳೂ ಫುಲ್ ಮ್ಯಾಚ್ ಆಗುವುದುಂಟು. ಒಡಹುಟ್ಟಿದವರಲ್ಲಿ ಸಿಗಲಿಲ್ಲ ಅಂತ ಅಲ್ಲಿಗೇ ನಿಲ್ಲಿಸಬೇಡಿ. ಎರಡು ತಲೆಮಾರಿನ ವಂಶವೃಕ್ಷ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಡಾಕ್ಟರು ಎದುರಿಗೆ ಕೂತು ಕೇಳುವಾಗ ಯಾರ ಮಗಳು ಯಾರಿಗೆ ಅಂತ ಲೆಕ್ಕ ಹಾಕುವುದು ಸುಲಭ ಅಲ್ಲ.

ಪರೀಕ್ಷೆಗೆ ರಕ್ತ ತೆಗೆಯುತ್ತಾರೆ, ಇಲ್ಲಾ ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಒರೆಸಿಕೊಳ್ಳುತ್ತಾರೆ. ದೂರದಲ್ಲಿರುವವರು, ದುಬೈಯಲ್ಲೋ ಅಮೆರಿಕದಲ್ಲೋ ಇರುವ ಅಣ್ಣ, ಬರುವವರೆಗೆ ಕಾಯಬೇಕಿಲ್ಲ. ಅಲ್ಲೇ ಪರೀಕ್ಷೆ ಮಾಡಿಸಿ ರಿಪೋರ್ಟ್ ಕಳಿಸಬಹುದು. ಆದರೆ 'ಹೈ ರೆಸಲ್ಯೂಷನ್' ಪರೀಕ್ಷೆಯೇ ಆಗಿರಲಿ. ಒರಟು ಪರೀಕ್ಷೆಯಲ್ಲಿ ಹೊಂದಿದ ಹಾಗೆ ಕಂಡದ್ದು ಸೂಕ್ಷ್ಮ ಪರೀಕ್ಷೆಯಲ್ಲಿ ತಪ್ಪಬಹುದು. ಗಂಡ ಅಥವಾ ಹೆಂಡತಿಗೆ ಸುಮ್ನೆ ಮಾಡಿಸಿ ದುಡ್ಡು ಕಳೆಯಬೇಡಿ. ಇಬ್ಬರೂ ರಕ್ತಸಂಬಂಧಿಗಳೇ ಆಗಿದ್ದರೆ ಮಾತು ಬೇರೆ.

ಈ ಪರೀಕ್ಷೆಯಲ್ಲಿ ಯಾರು ಯಾರಿಗೆ ನಿಜಕ್ಕೂ ಸಂಬಂಧಿ ಅನ್ನುವುದೂ ಹೊರಬರಬಹುದು. ರಿಪೋರ್ಟನ್ನು ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ.

ಮನೆಯಲ್ಲಿ ಯಾರೂ ಹೊಂದದಿದ್ದರೆ ಚೆನ್ನೈನ ದಾತ್ರಿ, ಬೆಂಗಳೂರಿನ ಡಿಕೆಎಂಎಸ್ ಇಂಡಿಯಾ ಥರದ ದಾನಿಗಳ ನೋಂದಣಿ ಸಂಸ್ಥೆಗಳಲ್ಲಿ ನಿಮ್ಮ ಆಸ್ಪತ್ರೆಯವರೇ ಹುಡುಕುತ್ತಾರೆ.

4. ದಾನಿಯನ್ನು ಆರಿಸುವುದು, ದಾನಿಯ ಮಾತು ಕೇಳುವುದು

ಫುಲ್ ಮ್ಯಾಚ್ ಒಡಹುಟ್ಟಿದವರಿದ್ದರೆ ಸಾಮಾನ್ಯವಾಗಿ ಅವರೇ ಮೊದಲ ಆಯ್ಕೆ. ಹಾಫ್ ಮ್ಯಾಚ್ ಆದವರು ಮೂರು ನಾಲ್ಕು ಜನ ಇದ್ದಾಗ ಡಾಕ್ಟರು ವಯಸ್ಸು, ತೂಕ, ಸಿಎಂವಿ ಅನ್ನುವ ವೈರಸ್‌ನ ಪರೀಕ್ಷೆ, ಬ್ಲಡ್ ಗ್ರೂಪ್ ಎಲ್ಲ ನೋಡುತ್ತಾರೆ. ಚಿಕ್ಕ ವಯಸ್ಸಿನವರಿಗೆ ಒಲವು ಜಾಸ್ತಿ. 'ನಾನು ಅಪ್ಪ, ನಾನೇ ಕೊಡುತ್ತೇನೆ' ಅಂತ ಹಟ ಹಿಡಿಯಬೇಡಿ.

ಹಾಫ್ ಮ್ಯಾಚ್‌ನಲ್ಲಿ ತಪ್ಪದೇ ಕೇಳಬೇಕಾದ ಪರೀಕ್ಷೆ ಡಿಎಸ್‌ಎ. ಆ ದಾನಿಯ ವಿರುದ್ಧ ರೋಗಿಯ ರಕ್ತದಲ್ಲಿ ಈಗಾಗಲೇ ಪ್ರತಿಕಾಯ ಇದೆಯಾ ಅಂತ ನೋಡುವುದು. ರೋಗಿ ಮಕ್ಕಳ ತಾಯಿಯಾಗಿದ್ದರೆ ಇದು ಇನ್ನೂ ಮುಖ್ಯ. ಬಸುರಿಯಾಗಿದ್ದಾಗ ಹೊಟ್ಟೆಯ ಮಗುವಿನ ಗುರುತಿನ ವಿರುದ್ಧ ತಾಯಿಯ ದೇಹ ಪ್ರತಿಕಾಯ ಕಟ್ಟಿರಬಹುದು. ಆಗ ಕೊಡಲು ಓಡಿ ಬಂದ ಮಗನ ಕೋಶವನ್ನೇ ಅಮ್ಮನ ದೇಹ ಒಪ್ಪದೇ ಹೋಗಬಹುದು.

ದಾನಿಗೆ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಇಸಿಜಿ, ರಕ್ತ ಪರೀಕ್ಷೆ, ಹೆಣ್ಣುಮಕ್ಕಳಿಗೆ ಗರ್ಭ ಪರೀಕ್ಷೆ ಎಲ್ಲ ಆಗುತ್ತವೆ. ಮನೆಯಲ್ಲಿ ಬೇರೆ ಯಾರಿಗಾದರೂ ಲ್ಯುಕೇಮಿಯಾ, ಪ್ಲೇಟ್‌ಲೆಟ್ ಕಡಿಮೆಯಾಗುವ ಕಾಯಿಲೆ, ಸಿಕಲ್ ಸೆಲ್ (ಕೆಂಪು ಕಣ ಕುಡುಗೋಲಿನಂತೆ ಬಾಗುವ ಕಾಯಿಲೆ) ಇದ್ದರೆ ಮುಚ್ಚಿಡಬೇಡಿ. ಕೆಲವು ರಕ್ತದ ಕ್ಯಾನ್ಸರ್‌ಗಳ ಹಿಂದೆ ಮನೆತನದಲ್ಲಿ ಬಂದ ಜೀನ್ ದೋಷ ಇರುತ್ತದೆ. ದಾನಿಯಲ್ಲೂ ಅದೇ ಇದ್ದರೆ ಕಸಿ ಮಾಡಿ ಪ್ರಯೋಜನ ಇಲ್ಲ.

ಒಪ್ಪಿಗೆಯ ವಿಷಯ ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ನಮ್ಮ ಮನೆಗಳಲ್ಲಿ ದಾನಿಯನ್ನು ಯಾರೂ ಕೇಳುವುದಿಲ್ಲ, ತಿಳಿಸುತ್ತಾರೆ. ಮದುವೆಯಾಗಿ ಹೋದ ತಂಗಿ, ಅವಳ ಗಂಡನ ಮನೆಯವರ ಭಯ, ಕೆಲಸದ ರಜೆ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ದಾನಿ ಒಬ್ಬರೇ, ಮನೆಯವರಿಲ್ಲದೆ ಡಾಕ್ಟರ ಹತ್ತಿರ ಮಾತಾಡಲಿ. 'ಆಗಲ್ಲ' ಅನ್ನುವುದಿದ್ದರೆ ಆಗಲೇ ಹೇಳಲಿ. ಡಾಕ್ಟರು ಅದನ್ನು ಗುಟ್ಟಾಗಿ ಇಡುತ್ತಾರೆ. ರೋಗಿಗೆ ಕಸಿಯ ಕೀಮೋ ಶುರುವಾದ ಮೇಲೆ ದಾನಿ ಹಿಂದೆ ಸರಿದರೆ ರೋಗಿಯ ಸ್ವಂತ ಮಜ್ಜೆಯೂ ಇಲ್ಲ, ಹೊಸದೂ ಇಲ್ಲ. ಅಲ್ಲಿಂದ ವಾಪಸ್ ಬರುವ ದಾರಿ ಇಲ್ಲ.

5. ದುಡ್ಡಿನ ಲೆಕ್ಕ, ಅಡ್ಮಿಟ್ ಆಗುವ ಮೊದಲು

ಖಾಸಗಿ ಆಸ್ಪತ್ರೆಯಲ್ಲಿ ಹತ್ತು ಲಕ್ಷ ದಾಟುವುದು ಮಾಮೂಲು. ಹಾಫ್ ಮ್ಯಾಚ್‌ಗೆ ಇನ್ನೂ ಜಾಸ್ತಿ. ಆಸ್ಪತ್ರೆ ಹೇಳುವ ಪ್ಯಾಕೇಜಿನಲ್ಲಿ ಏನೇನು ಸೇರಿದೆ ಅಂತ ಬರಹದಲ್ಲಿ ತೆಗೆದುಕೊಳ್ಳಿ. ದಾನಿಯ ಪರೀಕ್ಷೆ, ಬಿಡುಗಡೆಯಾದ ಮೇಲಿನ ಔಷಧ, ಮತ್ತೆ ಅಡ್ಮಿಟ್ ಆದರೆ ಬರುವ ಖರ್ಚು ಹೆಚ್ಚಾಗಿ ಅದರ ಹೊರಗೇ ಇರುತ್ತವೆ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ. ನಿಮ್ಮ ರೋಗಿಯ ಕಸಿ ಅದರಲ್ಲಿ ಬರುತ್ತದಾ ಅಂತ ಆಸ್ಪತ್ರೆಯಲ್ಲಿ ಈ ಯೋಜನೆಗೆ ನೆರವಾಗುವ ಆರೋಗ್ಯಮಿತ್ರರನ್ನು ಮೊದಲೇ ಕೇಳಿ. ಮುಖ್ಯಮಂತ್ರಿ ಪರಿಹಾರ ನಿಧಿ, ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿಗೂ ಅರ್ಜಿ ಹಾಕಬಹುದು. ಆಸ್ಪತ್ರೆಯ ಅಂದಾಜು ವೆಚ್ಚದ ಪತ್ರ ಬೇಕಾಗುತ್ತದೆ, ಅದಕ್ಕೇ ಚಿಕಿತ್ಸೆಗೆ ಮುಂಚೆಯೇ ಓಡಾಡಿ. ಆರೋಗ್ಯ ವಿಮೆ ಇದ್ದರೆ, ರಕ್ತದ ಕಾಯಿಲೆಗೆ ಮಾಡುವ ಸ್ಟೆಮ್ ಸೆಲ್ ಕಸಿ, ವಿಮಾ ಕಂಪನಿಗಳ ನಿಯಂತ್ರಕ ಸಂಸ್ಥೆಯಾದ ಐಆರ್‌ಡಿಎಐ ನಿಯಮದ ಪ್ರಕಾರ ವಿಮೆಗೆ ಸೇರಬೇಕಾದ ಆಧುನಿಕ ಚಿಕಿತ್ಸೆಗಳ ಪಟ್ಟಿಯಲ್ಲಿದೆ. ಆದರೆ ಮಿತಿ ಹಾಕಿರಬಹುದು. ದಾನಿಯ ಖರ್ಚು ಬರುತ್ತದಾ ಅಂತಲೂ ಕೇಳಿ. ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೂ ಜೊತೆಗಾರರಿಗೂ ರೈಲಿನಲ್ಲಿ ರಿಯಾಯಿತಿ ಇದೆ.

ಇದೇ ಹೊತ್ತಿಗೆ ಮಾಡಬೇಕಾದ ಇನ್ನೊಂದು ಕೆಲಸ: ಮುಂದೆ ಮಕ್ಕಳು ಬೇಕು ಅನ್ನುವ ರೋಗಿಗಳು ವೀರ್ಯ ಅಥವಾ ಅಂಡಾಣು ಶೇಖರಿಸಿ ಇಡಬಹುದು. ಕಸಿಯ ಕೀಮೋ ಆದ ಮೇಲೆ ಮಕ್ಕಳಾಗುವ ಸಾಧ್ಯತೆ ತುಂಬಾ ಇಳಿಯುತ್ತದೆ. ಮನೆಯ ಹಿರಿಯರ ಎದುರು ಡಾಕ್ಟರು ಇದನ್ನು ಎತ್ತದಿದ್ದರೆ ನೀವೇ ಎತ್ತಿ.

ಮಗುವಿನ ಹೊಕ್ಕುಳಬಳ್ಳಿಯ ರಕ್ತ ದುಡ್ಡು ಕೊಟ್ಟು ಇಡಿಸಿದವರು 'ಅದೇ ಬಳಸಬಹುದಲ್ಲ' ಅಂತ ಕೇಳುತ್ತಾರೆ. ಅದೇ ಮಗುವಿನ ಲ್ಯುಕೇಮಿಯಾಗೆ ಅದು ಸಾಮಾನ್ಯವಾಗಿ ಉಪಯೋಗಕ್ಕೆ ಬರುವುದಿಲ್ಲ. ಕಾಯಿಲೆಯ ಬೀಜ ಅದರಲ್ಲೂ ಇರಬಹುದು. ಇಂಥ ಖಾಸಗಿ ಶೇಖರಣೆಯನ್ನು ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಕೂಡ ಶಿಫಾರಸು ಮಾಡುವುದಿಲ್ಲ.

6. ದಾನಿಯಿಂದ ಕೋಶ ತೆಗೆಯುವುದು

ಎರಡು ದಾರಿ ಇವೆ. ಹೆಚ್ಚಾಗಿ ನಡೆಯುವುದು ರಕ್ತದಿಂದ ತೆಗೆಯುವುದು. ನಾಲ್ಕೈದು ದಿನ ಜಿ-ಸಿಎಸ್‌ಎಫ್ ಅನ್ನುವ ಇಂಜೆಕ್ಷನ್ ಚರ್ಮದ ಕೆಳಗೆ ಕೊಡುತ್ತಾರೆ. ಮಜ್ಜೆಯಲ್ಲಿರುವ ಸ್ಟೆಮ್ ಸೆಲ್‌ಗಳು ರಕ್ತಕ್ಕೆ ಇಳಿಯುತ್ತವೆ. ಆಗ ಸೊಂಟ, ಬೆನ್ನು ಚೆನ್ನಾಗಿ ನೋಯುತ್ತವೆ, ಜ್ವರ ಬಂದ ಹಾಗೆ ಅನಿಸುತ್ತದೆ. ಪ್ಯಾರಾಸಿಟಮಾಲ್ ಸಾಕು. ಆಮೇಲೆ ಒಂದು ಕೈಯಿಂದ ರಕ್ತ ಹೊರಗೆ, ಮಷೀನಿನಲ್ಲಿ ಸ್ಟೆಮ್ ಸೆಲ್ ಬೇರೆಯಾಗಿ, ಉಳಿದದ್ದು ಇನ್ನೊಂದು ಕೈಗೆ ವಾಪಸ್. ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ. ಸಾಕಾಗದಿದ್ದರೆ ಮರುದಿನ ಇನ್ನೊಮ್ಮೆ. ತುಟಿ, ಬೆರಳ ತುದಿ ಜುಮ್ಮೆಂದರೆ ಕ್ಯಾಲ್ಸಿಯಂ ಇಳಿದಿದೆ ಅಂತ. ಸಿಸ್ಟರಿಗೆ ಹೇಳಿದರೆ ಕೊಡುತ್ತಾರೆ. ಎಡ ಪಕ್ಕೆಯ ಕೆಳಗೆ ಜೋರು ನೋವು ಬಂದರೆ ಮಾತ್ರ ಆ ಕ್ಷಣವೇ ಹೇಳಿ. ಗುಲ್ಮಕ್ಕೆ ಪೆಟ್ಟಾಗಿರಬಹುದು, ತುಂಬಾ ಅಪರೂಪ.

ಇನ್ನೊಂದು ದಾರಿಯಲ್ಲಿ ಅರಿವಳಿಕೆ ಕೊಟ್ಟು ಸೊಂಟದ ಹಿಂಭಾಗದ ಮೂಳೆಯಿಂದ ಮಜ್ಜೆ ತೆಗೆಯುತ್ತಾರೆ. ಕೆಲವು ದಿನ ಕೂರುವಾಗ ನೋವಿರುತ್ತದೆ. ತೆಗೆದ ಮಜ್ಜೆ ಕೆಲವೇ ವಾರಗಳಲ್ಲಿ ತುಂಬಿಕೊಳ್ಳುತ್ತದೆ. ದಾನ ಮಾಡಿದವರಿಗೆ ಮುಂದೆ ಕ್ಯಾನ್ಸರ್ ಬರುವ ಸಾಧ್ಯತೆ ಜಾಸ್ತಿಯಾಗುತ್ತದೆ ಅನ್ನುವುದಕ್ಕೆ ದೀರ್ಘಕಾಲದ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ.

ಕಸಿಗೆ ಮುಂಚಿನ ವಾರಗಳಲ್ಲಿ ದಾನಿಯನ್ನು ಜೋಪಾನ ಮಾಡಿ. ಮಳೆಗಾಲದಲ್ಲಿ ಸೊಳ್ಳೆಪರದೆ ಕಟ್ಟಿ, ಡೆಂಗಿ ಬಂದರೆ ಎಲ್ಲವೂ ತಲೆಕೆಳಗು. ಬೈಕಿನಲ್ಲಿ ಊರೂರು ತಿರುಗುವುದು ಬೇಡ.

7. ರೋಗಿಯ ದಾಖಲು, ಸೊನ್ನೆಯ ದಿನ

ಎದೆಯ ಅಥವಾ ತೋಳಿನ ದೊಡ್ಡ ರಕ್ತನಾಳಕ್ಕೆ ಕೊಳವೆ ಹಾಕುತ್ತಾರೆ. ಆಮೇಲೆ ಕಂಡೀಷನಿಂಗ್: ಸುಮಾರು ಒಂದು ವಾರ ಕೀಮೋ, ಕೆಲವರಿಗೆ ರೇಡಿಯೇಷನ್. ಸಸಿ ನೆಡುವ ಮುಂಚೆ ಹೊಲ ಹಸನು ಮಾಡುವ ಹಾಗೆ, ಹಳೆಯ ಮಜ್ಜೆ ತೆಗೆದು ಹೊಸದಕ್ಕೆ ಜಾಗ ಮಾಡುವುದು. ಕೋಶ ಕೊಡುವ ದಿನವನ್ನು 'ಡೇ ಝೀರೋ' ಅನ್ನುತ್ತಾರೆ. ಆಪರೇಷನ್ ಅಲ್ಲ. ರಕ್ತ ಕೊಟ್ಟ ಹಾಗೆ ಒಂದು ಚೀಲ, ಅಷ್ಟೇ. 'ಇಷ್ಟೇನಾ?' ಅಂತ ಎಲ್ಲರೂ ಕೇಳುತ್ತಾರೆ.

ಹಾಫ್ ಮ್ಯಾಚ್ ಆಗಿದ್ದರೆ ಸಾಮಾನ್ಯವಾಗಿ ಮೂರು ಮತ್ತು ನಾಲ್ಕನೇ ದಿನ ಸೈಕ್ಲೋಫಾಸ್ಫಮೈಡ್ ಅನ್ನುವ ಕೀಮೋ ಮತ್ತೆ ಕೊಡುತ್ತಾರೆ. 'ಹೊಸ ಕೋಶ ಕೊಟ್ಟು ಮತ್ತೆ ಕೀಮೋನಾ?' ಅಂತ ಗಾಬರಿ ಬೇಡ. ರೋಗಿಯ ದೇಹದ ಮೇಲೆ ಏರಿಹೋಗಲು ಶುರುಮಾಡಿದ ದಾನಿಯ ಬಿಳಿ ಕಣಗಳನ್ನು ಅದು ಕೊಲ್ಲುತ್ತದೆ, ಸ್ಟೆಮ್ ಸೆಲ್ ಉಳಿಯುತ್ತವೆ. ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನವರು ಬೆಳೆಸಿದ ಈ ಉಪಾಯದಿಂದಲೇ ಅಪ್ಪ ಅಮ್ಮ ದಾನಿಗಳಾಗುವುದು ಇಷ್ಟು ಸಾಮಾನ್ಯವಾಗಿದ್ದು. ಅದಕ್ಕೆ ಮುಂಚಿನ ದಿನಗಳಲ್ಲಿ ಜ್ವರ ಬರುವುದೂ ಸಾಮಾನ್ಯ.

ಮುಂದಿನ ಎರಡು ಮೂರು ವಾರ ಕಾಯುವುದು. ಬಾಯಿ ಹುಣ್ಣು, ಭೇದಿ, ಊಟ ಸೇರದಿರುವುದು, ಜ್ವರ ಎಲ್ಲ ಬರುತ್ತವೆ. ನ್ಯೂಟ್ರೋಫಿಲ್ ಅನ್ನುವ ಬಿಳಿ ಕಣ ಮೂರು ದಿನ ಸತತವಾಗಿ 500 ದಾಟಿದರೆ ಕಸಿ ಹಿಡಿದಿದೆ ಅಂತ ಲೆಕ್ಕ. ಈಗಿನ ರಕ್ತದಲ್ಲಿ ದಾನಿಯದೆಷ್ಟು, ರೋಗಿಯದೆಷ್ಟು ಅಂತ ನೋಡುವ ಪರೀಕ್ಷೆಗೆ ಕೈಮರಿಸಂ ಅನ್ನುತ್ತಾರೆ. ಗ್ರೂಪ್ ಬೇರೆ ಇದ್ದರೆ ರೋಗಿಯ ಬ್ಲಡ್ ಗ್ರೂಪ್ ಕೆಲವು ತಿಂಗಳಲ್ಲಿ ದಾನಿಯದ್ದಕ್ಕೆ ತಿರುಗುತ್ತದೆ.

8. ನೂರು ದಿನ

ಆಸ್ಪತ್ರೆಯಿಂದ ಒಂದು ಗಂಟೆಯೊಳಗೆ ತಲುಪುವಷ್ಟು ಹತ್ತಿರ ಬಾಡಿಗೆ ಮನೆ ಹಿಡಿಯಿರಿ. ಊರಿಗೆ ಹೋಗುವ ಆಸೆ ಬೇಡ. ಗೋಡೆಯಲ್ಲಿ ಬೂಷ್ಟು, ಪಕ್ಕದಲ್ಲಿ ಕಟ್ಟಡ ಕಟ್ಟುವ ಧೂಳು, ಕಿಟಕಿಯಲ್ಲಿ ಪಾರಿವಾಳ ಇಲ್ಲದ ಮನೆ ನೋಡಿ. ಬೂಷ್ಟಿನ ಸೋಂಕು ಈ ರೋಗಿಗಳಿಗೆ ದೊಡ್ಡ ಶತ್ರು. ನೋಡಿಕೊಳ್ಳಲು ಒಬ್ಬರೇ ಇರಲಿ, ಬದಲಿಗೆ ಇನ್ನೊಬ್ಬರು. ನೆಂಟರು ಸೇಬು ಹಿಡಿದು ಸಾಲಾಗಿ ಬರುವುದನ್ನು ಬಾಗಿಲಲ್ಲೇ ತಡೆಯಲು ಒಬ್ಬ ಗಟ್ಟಿಗರನ್ನು ನೇಮಿಸಿ.

ಜಿವಿಎಚ್‌ಡಿ ಅನ್ನುವ ಹೆಸರು ನೆನಪಿಡಿ. ದಾನಿಯ ಬಿಳಿ ಕಣಗಳು ರೋಗಿಯ ದೇಹವನ್ನೇ ಹೊರಗಿನದು ಅಂತ ಹೊಡೆಯುವುದು. ಅಂಗೈ, ಅಂಗಾಲು, ಕಿವಿಯ ಹಿಂದೆ ಕೆಂಪು ಗುಳ್ಳೆ, ನೀರಿನಂಥ ಭೇದಿ, ಕಣ್ಣು ಹಳದಿಯಾಗುವುದು ಇದರ ಗುರುತುಗಳು. 'ಬಿಸಿಲಿಗೆ ಗುಳ್ಳೆ ಎದ್ದಿರಬೇಕು' ಅಂತ ಕಾಯಬೇಡಿ. ಅದೇ ಬಿಳಿ ಕಣಗಳು ಉಳಿದ ಕ್ಯಾನ್ಸರನ್ನೂ ಹೊಡೆಯುತ್ತವೆ ಅನ್ನುವುದು ನಿಜ. ಹಾಗಂತ ಸ್ವಲ್ಪ ಇರಲಿ ಅಂತ ನೀವೇ ತೀರ್ಮಾನಿಸುವ ಹಾಗಿಲ್ಲ.

ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ರಾತ್ರಿಯಾದರೂ ಹೊರಡಿ. ಪ್ಯಾರಾಸಿಟಮಾಲ್ ನುಂಗಿಸಿ ಬೆಳಗಿನವರೆಗೆ ನೋಡುವುದು ಈ ಹಂತದ ಅತಿ ದೊಡ್ಡ ತಪ್ಪು.

ರೋಗನಿರೋಧಕ ಶಕ್ತಿ ತಗ್ಗಿಸಿ ಜಿವಿಎಚ್‌ಡಿ ತಡೆಯುವ ಸೈಕ್ಲೋಸ್ಪೋರಿನ್ ಅಥವಾ ಟ್ಯಾಕ್ರೋಲಿಮಸ್ ಮಾತ್ರೆ ಇದ್ದೇ ಇರುತ್ತದೆ. ರಕ್ತದಲ್ಲಿ ಅದರ ಮಟ್ಟ ನೋಡುವ ದಿನ ಬೆಳಗಿನ ಮಾತ್ರೆ ನುಂಗದೆ ಹೋಗಿ, ರಕ್ತ ಕೊಟ್ಟ ಮೇಲೆ ನುಂಗಬೇಕು. ಚಕ್ಕೋತ ತಿನ್ನಬಾರದು. ದೇವನಹಳ್ಳಿಯ ಚಕ್ಕೋತ ಎಷ್ಟೇ ಹೆಸರಾಗಿರಲಿ, ಅದು ರಕ್ತದಲ್ಲಿ ಈ ಔಷಧದ ಮಟ್ಟವನ್ನು ಏರಿಸಬಹುದು. ಪೊಟ್ಯಾಸಿಯಂ ಜಾಸ್ತಿ ಇದ್ದರೆ ಎಳನೀರಿಗೂ ತಡೆ. ಅಮೃತಬಳ್ಳಿ ಕಷಾಯ, ಶಕ್ತಿ ಪುಡಿ, ನಾಟಿ ಔಷಧ ಯಾವುದೂ ಬೇಡ. ಅಮೃತಬಳ್ಳಿಯಿಂದ ಲಿವರ್‌ಗೆ ಪೆಟ್ಟಾದ ಪ್ರಕರಣಗಳು ವರದಿಯಾಗಿವೆ. ರೋಗನಿರೋಧಕ ಶಕ್ತಿಯನ್ನು ಬೇಕೆಂದೇ ತಗ್ಗಿಸಿ ಇಟ್ಟಿರುವಾಗ ಅದನ್ನು ಎಬ್ಬಿಸಲು ಹೋಗುವುದು ಬೆಂಕಿಗೆ ಕೈಯಿಟ್ಟಂತೆ.

ಊಟ ಬಿಸಿಬಿಸಿಯಾಗಿ, ಚೆನ್ನಾಗಿ ಬೆಂದದ್ದು. ರಾಗಿ ಗಂಜಿ, ಮುದ್ದೆ, ಇಡ್ಲಿ, ಅನ್ನ ಸಾರು ಎಲ್ಲ ಆಗುತ್ತದೆ. ಕೋಸಂಬರಿ, ಹಸಿ ಚಟ್ನಿ, ಬೀದಿಯ ಕಬ್ಬಿನ ಹಾಲು, ಹೊರಗಿನ ಮಜ್ಜಿಗೆ ಈಗ ಬೇಡ. ಕೊಟ್ಟಿಗೆ, ಗೊಬ್ಬರ, ಹೂಕುಂಡದ ಮಣ್ಣಿನಿಂದಲೂ ದೂರ. ಮನೆಯಲ್ಲಿ ಪುಟ್ಟ ಮಗು ಇದ್ದರೆ ಪೋಲಿಯೋ ಹನಿ ಹಾಕಿಸುವ ಮುಂಚೆ ಕಸಿ ಡಾಕ್ಟರನ್ನು ಕೇಳಿ. ಹನಿಯಲ್ಲಿ ಜೀವಂತ ವೈರಸ್ ಇರುತ್ತದೆ, ಮಗುವಿನ ಮಲದಲ್ಲಿ ಹೊರಬರುತ್ತದೆ. ಅದರ ಬದಲು ಇಂಜೆಕ್ಷನ್ ಲಸಿಕೆ ಇದೆ.

9. ಆಮೇಲೆ

ಚಿಕ್ಕಂದಿನಲ್ಲಿ ಹಾಕಿಸಿದ ಲಸಿಕೆಗಳ ಬಲ ಹೋಗಿರುತ್ತದೆ. ಸಾಮಾನ್ಯವಾಗಿ ಮೂರರಿಂದ ಆರು ತಿಂಗಳ ನಂತರ ಮತ್ತೆ ಶುರುಮಾಡುತ್ತಾರೆ. ದಡಾರದಂಥ ಜೀವಂತ ಲಸಿಕೆಗಳಿಗೆ ಎರಡು ವರ್ಷವಾದರೂ ಕಾಯಬೇಕು. ಕಣ್ಣು, ಬಾಯಿ ಒಣಗುವುದು, ಚರ್ಮ ಬಿಗಿಯುವುದು, ಏದುಸಿರು ಬಂದರೆ ವರ್ಷ ಕಳೆದಿದ್ದರೂ ಹೋಗಿ ತೋರಿಸಿ. ಜಿವಿಎಚ್‌ಡಿ ನಿಧಾನವಾಗಿಯೂ ಬರುತ್ತದೆ.

ಕಾಯಿಲೆ ಮರುಕಳಿಸುವ ಸೂಚನೆ ಕಂಡರೆ ಅದೇ ದಾನಿಯ ಲಿಂಫೋಸೈಟ್ ಅನ್ನುವ ಬಿಳಿ ಕಣಗಳನ್ನು ಮತ್ತೆ ಕೇಳಬಹುದು. ಇದಕ್ಕೆ ಡಿಎಲ್‌ಐ ಅನ್ನುತ್ತಾರೆ. ದಾನಿಯ ಹೊಸ ಫೋನ್ ನಂಬರ್, ವಿಳಾಸ ಆಸ್ಪತ್ರೆಯಲ್ಲಿ ಇರಲಿ. ಈ ಸಾಧ್ಯತೆಯ ಬಗ್ಗೆ ದಾನಿಗೆ ಮೊದಲ ಸಹಿ ಹಾಕುವ ದಿನವೇ ತಿಳಿಸಿರಿ.